ಮೂರನೇ ರೂಮಿನ ನಂಬರು

...ಕೂತ್ಕೊ ಮನ್ಸೂರಣ್ಣ, ಬಾಗಿಲ ಹತ್ರ ಯಾಕೆ ನಿಂತಿದ್ದೀಯ? ಬರ್ತಾನೆ ಸಯೀದ್. ನಿನ್ ಮಗ ಈ ಕೋಲ್ಡ್ ಸ್ಟೋರೇಜ್ ಒಳಗೆ ಹೋಗಿರೋದು ಇದೇ ಮೊದಲಾ? ಮೂರನೇ ರೂಮಿಗೆ ಹೋಗಿ ವಾಲ್ವ್ ನೋಡ್ಕೊಂಡ್ ಬರೋದು ಎಷ್ಟೊತ್ತಿನ ಕೆಲ್ಸ... ಫೋನ್ ತೆಗೀತಿಲ್ವಾ? ಹುಣಸೆಹಣ್ಣಿನ ಬಾಕ್ಸು ಛಾವಣಿ ಮುಟ್ಟೋ ಹಂಗೆ ಜೋಡಿಸವ್ರೆ, ಸಿಗ್ನಲ್ ಎಲ್ಲಿಂದ ಬರ್ಬೇಕು?

ಇಲ್ನೋಡು, ಈ ಕಪ್ಪು ಸ್ಕ್ರೀನಲ್ಲಿ ನಾನೊಂದು ಕಮಾಂಡ್ ಹೊಡೆದ್ರೆ ಸಾಕು. ಗೋಡೆ ಮೇಲಿರೋ ಆ ಡಬ್ಬ, ಸೀರಿಯಲ್ ಅಡಾಪ್ಟರ್ ಅಂತಾರೆ, ಅದಕ್ಕೆ ಯಾವ್ಯಾವ ರೂಮಿನ ಗ್ಯಾಸ್ ಸೋರಿಕೆ ಹಿಡಿಯೋ ಸೆನ್ಸರ್ ಸೇರಿದೆ, ಯಾವ್ದು ಕೆಲ್ಸ ಮಾಡ್ತಿದೆ, ಎಲ್ಲಾ ಬರುತ್ತೆ. ಪೋರ್ಟ್ ಮೂರು, ಅಂದ್ರೆ ಮೂರನೇ ರೂಮು, ಆನ್‌ಲೈನ್. ಗಾಳೀಲಿ ಅಮೋನಿಯಾ, ಅದೇ ರೂಮ್ ತಣ್ಣಗೆ ಮಾಡೋ ಗ್ಯಾಸು, ನಾಲ್ಕು. ಐದು ಸೆಕೆಂಡ್ ಬಿಟ್ಟು ಮತ್ತೆ ನಾಲ್ಕು. ಇಪ್ಪತ್ತೈದು ದಾಟಿದ್ರೆ ತಾನೆ ಭಯ.

ಏನು? ಹೌದು... ಅವಾಗಿಂದ ನಾಲ್ಕೇ. ಒಳಗೆ ಗಾಳಿ ಆಡಲ್ಲ, ಅದಕ್ಕೇ ಇರ್ಬೇಕು. ಮೂಗಿಗೆ ಟವೆಲ್ ಯಾಕೆ ಹಿಡ್ಕೊಂಡೆ? ನಂಗೇನೂ ವಾಸ್ನೆ... ಸ್ವಲ್ಪ ಬರ್ತಿದೆ. ಸ್ವಲ್ಪ ಅಷ್ಟೇ.

ಎದ್ದಿದ್ದು ಯಾಕೆ? ಅಣ್ಣ, ಆ ಡಬ್ಬ ಮುಟ್ಬೇಡ. ಮೂರನೇ ವೈರು... ಬೇಡ ಕಣಣ್ಣ, ಕೀಳ್ಬೇಡ.

ಕಿತ್ತೇಬಿಟ್ಟೆ.

ಸ್ಕ್ರೀನ್ ನೋಡ್ಬೇಡ ಅಣ್ಣ. ಹೌದು, ವೈರು ನಿನ್ ಕೈಯಲ್ಲಿದೆ. ಹೌದು, ಇಲ್ಲಿ ಇನ್ನೂ ನಾಲ್ಕೇ ಬರ್ತಿದೆ.

ಆ ವೈರು ಕೆಳಗಿಡು, ನನ್ ಮಾತು ಕೇಳು. ವಾರದಿಂದ ಆ ಪೋರ್ಟು ಗಂಟೆಗೊಂದ್ಸಲ ಆಫ್ ಆಗ್ತಿತ್ತು. ಆದಾಗೆಲ್ಲ ಸೈರನ್ನು, ಲೋಡಿಂಗ್‌ನವ್ರು ಹೊರಗೆ ಓಡೋದು, ಕ್ಯಾತ್ಸಂದ್ರಕ್ಕೆಲ್ಲ ಕೇಳುತ್ತೆ ಅಂತ ಓನರ್ ಬೈಗುಳ. ಲೈನ್ ಹೋದ್ರೆ ಹಳೇ ನಂಬರನ್ನೇ ತೋರ್ಸು ಅಂತ ನಾನೇ ಪ್ರೋಗ್ರಾಮ್ ಬರೆದಿಟ್ಟೆ. ಹೊಸ ಅಡಾಪ್ಟರ್ ಬರೋವರ್ಗೂ ಅಷ್ಟೇ ಅಂತ...

ಹೇಳ್ತೀನಿ, ಸಯೀದ್ ಯಾಕೆ ಒಳಗೆ ಹೋದ ಅಂತಾನೂ ಹೇಳ್ತೀನಿ, ಹಂಗೆ ನೋಡ್ಬೇಡ. ವಾಸ್ನೆ ಬಂದಾಗ ಗ್ಯಾಸ್ ಅಳೆಯೋ ಕೈಮೀಟರ್ ಹಿಡ್ಕೊಂಡು ಮೊದಲು ಒಳಗೆ ಹೋಗ್ಬೇಕಾದೋನು ನಾನು. ನನ್ ಕೆಲ್ಸ ಅದು. ಆದ್ರೆ ಆ ನಂಬರ್ ಸುಳ್ಳು ಅಂತ ಇಲ್ಲಿ ಗೊತ್ತಿದ್ದೋನು ನಾನೊಬ್ನೇ ಅಣ್ಣ. ಎದ್ದೋನು ಭಯಕ್ಕೆ ಬಾಗಿಲ ಹತ್ರಾನೇ ನಿಂತ್ಬಿಟ್ಟೆ. ಸಯೀದ್ ಸ್ಕ್ರೀನ್ ನೋಡ್ದ. ‘ನಾಲ್ಕೇ ಅಲ್ವಾ ಅಂಜನಣ್ಣ, ನೀನ್ ಕೂತ್ಕೊ, ನಾನ್ ಹೋಗ್ಬರ್ತೀನಿ’ ಅಂದ.

ನಾನು ಹೂಂ ಅಂದೆ.