ಹನೂರಿನ ಕಂಪ್ಯೂಟರನ್ನು ಇಲ್ಲಿಂದಲೇ ಮುಟ್ಟಿದ ರೂಪ

ಅಧ್ಯಕ್ಷತೆ ವಹಿಸಿರುವ ಶ್ರೀ ಶಿವನಂಜಯ್ಯನವರೇ, ವೇದಿಕೆಯ ಮೇಲಿರುವ ನಿರ್ದೇಶಕರೇ, ಹನೂರು, ಯಳಂದೂರುಗಳಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿರುವ ನೇಕಾರ ಬಂಧುಗಳೇ, ಸಭಿಕರೇ,

ಕೊಳ್ಳೇಗಾಲದ ಈ ರೇಷ್ಮೆ ನೇಕಾರರ ಸಂಘದಲ್ಲಿ ಹದಿನೆಂಟು ವರ್ಷದಿಂದ ಕಾರ್ಯದರ್ಶಿಯಾಗಿರುವ ಈ ಗುರುಮಲ್ಲಪ್ಪ ಇವತ್ತು ಹೆಮ್ಮೆಯಿಂದ ನಿಂತಿದ್ದಾನೆ. ಹೆಮ್ಮೆ ಯಾರ ಬಗ್ಗೆ? ನಮ್ಮ ಕಂಪ್ಯೂಟರ್ ಆಪರೇಟರ್ ರೂಪಳ ಬಗ್ಗೆ.

ಎರಡು ವರ್ಷದ ಹಿಂದೆ ಹನೂರಿನ ನಮ್ಮ ಡಿಪೋಗೂ ಒಂದು ಕಂಪ್ಯೂಟರ್ ಕೊಟ್ಟೆವು. ಅದು ವಾರಕ್ಕೆರಡು ಸಲ ಮುನಿಸಿಕೊಳ್ಳುತ್ತಿತ್ತು. ಸಮಾಧಾನ ಮಾಡಲು ರೂಪಳೇ ಬಸ್ ಹತ್ತಬೇಕು. ಅಗರದಲ್ಲಿರುವ ಅವಳ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಒಂದು ದಿನ ರಾಜೀನಾಮೆ ಪತ್ರ ತಂದಿಟ್ಟಳು. "ಅವ್ವಂಗೆ ಒತ್ತಿಗೆ ಸರಿಯಾಗಿ ಅನ್ನ ತಿನ್ನಿಸಕ್ಕಾಯ್ತಿಲ್ಲ ಸಾ."

ನಾನೇನು ಮಾಡಿದೆ ಗೊತ್ತೆ? "ನಾಳೆಯಿಂದಲೇ ಬಿಡ್ತೀಯೇನಮ್ಮ?" ಎಂದು ಕೇಳಿದೆ! ಇಂಥ ಬುದ್ಧಿವಂತ ಕಾರ್ಯದರ್ಶಿ ಬೇರೆ ಎಲ್ಲಾದರೂ ಸಿಕ್ಕಾನೆಯೇ?

ಅವಳ ಕಣ್ಣು ತುಂಬಿತು. "ಒಂದ್ ತಿಂಗ್ಳು ಟೇಮ್ ಕೊಡಿ ಸಾ. ಇಲ್ಲಿಂದ್ಲೇ ಅದ್ನ ನೋಡ್ಕಳೋ ದಾರಿ ಅದೆ."

ಇಲ್ಲಿ ಕೂತೇ ದೂರದ ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರಿಗೆ ಮೈಸೂರಿನ ಮಾರಾಟಗಾರನೊಬ್ಬ ನಲವತ್ತು ಸಾವಿರ ಹೇಳಿದ. ಬಣ್ಣಬಣ್ಣದ ಪುಸ್ತಕ ನೋಡಿ ನಾನು ತಲೆಯನ್ನೂ ಆಡಿಸಿಬಿಟ್ಟಿದ್ದೆ. ರೂಪ ಬಿಡಲಿಲ್ಲ. ಕಂಪ್ಯೂಟರ್ ಪತ್ರಿಕೆಗಳ ಜೊತೆ ಬಂದ ಸಿ.ಡಿ.ಗಳಿಂದ ಅಂಥ ಮೂರು ಸಾಫ್ಟ್‌ವೇರುಗಳನ್ನು ಹಾಕಿ ನೋಡಿದಳು. ಒಂದು, ನಮ್ಮ ಫೋನ್ ಲೈನಿನಲ್ಲಿ ಚಿತ್ರ ಮೂಡಿಸುವಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು. ಇನ್ನೊಂದು, ಪಾಸ್‌ವರ್ಡನ್ನೇ ಕೇಳದೆ ಯಾರನ್ನು ಬೇಕಾದರೂ ಒಳಗೆ ಬಿಡುತ್ತಿತ್ತು. ಮೂರನೆಯದು ಪುಕ್ಕಟೆ. ಬಣ್ಣ ಕಡಿಮೆ, ಆದರೆ ಚುರುಕು, ಬೀಗವೂ ಭದ್ರ.

ಅದನ್ನು ಹನೂರಿನಲ್ಲೂ ಹಾಕಿ ಬಂದ ಮಾರನೆಯ ದಿನ ಮಧ್ಯಾಹ್ನ ನನ್ನ ಕೋಣೆಯ ಫೋನು ಬಡಿದುಕೊಂಡಿತು. ಹನೂರು ಡಿಪೋದ ದೊಡ್ಡಮಾದಪ್ಪ, ಪಕ್ಕದ ಅಂಗಡಿಯಿಂದ ಕೂಗುತ್ತಿದ್ದ. "ಸಾ, ನಾನ್ ಮುಟ್ಟೇ ಇಲ್ಲ! ಪರ್ದೆ ಮ್ಯಾಲಿನ ಬಾಣ ತಾನೇ ಓಡಾಡ್ತಾ ಅದೆ!"

"ಎದರ್ಕಬೇಡಿ ಅಂತ ಏಳಿ ಸಾ," ಇಲ್ಲೇ ಕಂಪ್ಯೂಟರ್ ಮುಂದೆ ಕೂತಿದ್ದ ರೂಪ ನಕ್ಕಳು. "ಓಡಾಡ್ಸ್ತಿರೋಳು ನಾನೇ."

ಹತ್ತೇ ನಿಮಿಷದಲ್ಲಿ ಹನೂರಿನ ಸ್ಟಾಕಿನ ಲೆಕ್ಕ ಸರಿಹೋಯಿತು. ರಾಜೀನಾಮೆ ಪತ್ರವನ್ನು ನಾನೇ ಹರಿದು ಹಾಕಿದೆ.

ಇಷ್ಟು ಹೇಳಿ ಕುಳಿತುಕೊಳ್ಳಬಹುದು. ಆದರೆ ಮನಸ್ಸು ಒಪ್ಪುತ್ತಿಲ್ಲ. ಆ ವರ್ಷದ ನಡಾವಳಿ ಪುಸ್ತಕದಲ್ಲಿ "ಕಾರ್ಯದರ್ಶಿಗಳು ಆರಿಸಿದ ಸಾಫ್ಟ್‌ವೇರ್" ಎಂದು ಬರೆದವನು ನಾನು. ಮೈಸೂರಿನ ಸಭೆಯಲ್ಲಿ ಅದಕ್ಕಾಗಿ ಹಾರ ಹಾಕಿಸಿಕೊಂಡವನೂ ನಾನೇ. ರೂಪ ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ.

ಇವತ್ತು ಬೆಳಿಗ್ಗೆ ಅಧ್ಯಕ್ಷರ ಎದುರು ಆ ಸಾಲನ್ನು ಹೊಡೆದು, ಅವಳ ಹೆಸರು ಬರೆದು ಸಹಿ ಮಾಡಿದ್ದೇನೆ. ಅವಳ ಕೆಲಸವೂ ಇಂದಿನಿಂದ ಕಾಯಂ. ರೂಪ, ಎದ್ದು ನಿಲ್ಲಮ್ಮ. ಎಲ್ಲರೂ ನೋಡಲಿ.

ಮುದುಕನ ಮಾತನ್ನು ತಾಳ್ಮೆಯಿಂದ ಕೇಳಿದ ನಿಮಗೆ ಕೃತಜ್ಞತೆ. ನಮಸ್ಕಾರ.