ಮೂವತ್ತೇಳನೇ ಪುಟ

ಮಧ್ಯಾಹ್ನವೇ ಕತ್ತಲು ಕವಿದು ಮಳೆ ಸುರಿಯತೊಡಗಿದ್ದರಿಂದ ಲೈಬ್ರರಿಯಲ್ಲಿ ಸಿಕ್ಕಿಕೊಂಡವರು ಮೂವರೇ: ಗ್ರಂಥಪಾಲಕಿ, ಪೇಪರ್ ಓದಲು ಬಂದ ದರ್ಜಿ, ಹರಿದ ಪುಸ್ತಕಗಳಿಗೆ ಅಂಟು ಬಳಿಯುತ್ತಿದ್ದ ಮುದಿ ಬೈಂಡರ್. ಹೊಸ ಓದುಕೋಣೆಯನ್ನು ತೆರೆಯಲು ನಾಳೆ, ಲೈಬ್ರರಿ ಕಟ್ಟಿಸಿದ ಗಿರಣಿ ಧಣಿಯ ಮೊಮ್ಮಗ ಬರುವವನಿದ್ದ. ಅವನ ಹೆಸರು ಕೆತ್ತಿದ ಕಲ್ಲು ಆಗಲೇ ಗೋಡೆಯಲ್ಲಿ ಕೂತಿತ್ತು. ಆರು ವರ್ಷ ಓಡಾಡಿ ಆ ಕೋಣೆ ಆಗುವಂತೆ ಮಾಡಿದವಳು ಗ್ರಂಥಪಾಲಕಿ. ಕಲ್ಲಿನ ಮೂಲೆಯಲ್ಲೂ ಅವಳ ಹೆಸರಿರಲಿಲ್ಲ. ಅದರ ಮುಂದೆ ಹಾಯುವಾಗಲೆಲ್ಲ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು.

“ಅಜ್ಜಾ, ಕರೆಂಟೂ ಹೋಯ್ತು, ಏನಾದ್ರೂ ಹೇಳು,” ಎಂದ ದರ್ಜಿ. “ನಿನ್ನ ಅಂಟಿನ ವಾಸನೆ ಕುಡ್ಕೊಂಡು ಎಷ್ಟೊತ್ತು ಕೂರೋದು?”

ಬೈಂಡರ್ ಕುಂಚ ಕೆಳಗಿಟ್ಟು, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ದೇವರನ್ನು ನೆನೆದ.

“ಗಿರಣಿ ಧಣಿ ಇದನ್ನ ಕಟ್ಟಿಸಿದಾಗ ನನಗಿನ್ನೂ ಮೀಸೆ ಮೂಡ್ತಿತ್ತು. ದೊಡ್ಡ ಕೆಲಸಾನೇ... ಗಿರಣಿ ಕೂಲಿಯವರ ಹೆಣ್ಣುಮಕ್ಕಳು ಇಲ್ಲೇ ಓದಿ ನರ್ಸಾದ್ರು, ಟೀಚರಾದ್ರು, ಸುಳ್ಳು ಹೇಳಬಾರ್ದು. ಆದ್ರೆ ಗೆದ್ದಲು ಕೊಡವಿ, ನಂಬರ್ ಹಾಕಿ, ಯಾರಿಗೆ ಯಾವ ಪುಸ್ತಕ ಹಿಡಿಸುತ್ತೆ ಅಂತ ನೆನಪಿಟ್ಟು ಕೈಗೆ ಕೊಟ್ಟೋರು ಯಾರು? ಆಗಿನ ಗ್ರಂಥಪಾಲಕ. ಮುದ್ರೆ ಮಾತ್ರ ಧಣೀದು... ಮೊದಲ ಹಾಳೇಲೊಂದು, ಕದ್ದೋರು ಅದನ್ನ ಹರಿದ್ರೂ ಗುರುತು ಉಳೀಲಿ ಅಂತ ಮೂವತ್ತೇಳನೇ ಪುಟದಲ್ಲಿ ಗುಟ್ಟಾಗಿ ಇನ್ನೊಂದು. ಆ ಮನುಷ್ಯ ಎಷ್ಟೂಂತ ತಡ್ಕೋತಾನೆ? ಗುಟ್ಟಿನ ಮುದ್ರೆ ಕೆಳಗೆ ಪೆನ್ಸಿಲ್ಲಲ್ಲಿ ಸಣ್ಣಗೆ ತನ್ನ ಹೆಸರು ಬರೆಯೋಕೆ ಶುರು ಮಾಡ್ದ.

“ನಾನು ನೋಡ್ದೆ. ನನಗೂ ಹೊಟ್ಟೆ ಉರೀತು. ಪುಸ್ತಕ ಹೊಲಿದೋನು ನಾನು, ಹೆಸರು ಇವನದಾ? ರಬ್ಬರ್ ತಗೊಂಡು ಅಳಿಸಿದೆ. ಅವನು ಬರೆದ, ನಾನು ಅಳಿಸಿದೆ... ಹನ್ನೊಂದು ವರ್ಷ, ಇಬ್ಬರೂ ಅದರ ಮಾತೇ ಎತ್ತಲಿಲ್ಲ. ಒಂದಿನ ಪೆನ್ಸಿಲ್ ಹಿಡಿದ ಹಾಗೇ ಆ ಮೇಜಿನ ಮೇಲೆ ತಲೆಯಿಟ್ಟು ಹೋಗ್ಬಿಟ್ಟ. ಮುಗೀತಲ್ಲ ಅಂದ್ಕೊಂಡೆ. ಮುಗೀತಾ? ಮುಂದಿನ ವಾರ ಹೊಸ ಪುಸ್ತಕ ಬಂದ್ವು, ಮೂವತ್ತೇಳನೇ ಪುಟ ತೆಗೆದ್ರೆ... ಅದೇ ಹೆಸರು, ಅದೇ ಅಕ್ಷರ. ಈ ವಯಸ್ಸಲ್ಲಿ ನಾನು ದಿನಾ ಬರೋದು ಅಂಟು ಹಾಕೋಕೆ ಅಂದ್ಕೊಂಡ್ರಾ?”

ಉಗುರಿನಷ್ಟು ಸವೆದ ರಬ್ಬರನ್ನು ಜೇಬಿನಿಂದ ತೆಗೆದು ತೋರಿಸಿದ.

“ವಿದ್ಯಾವಂತ ದೆವ್ವ ಬಿಡು,” ಎಂದು ದರ್ಜಿ ನಕ್ಕ.

ಗ್ರಂಥಪಾಲಕಿ ನಗಲಿಲ್ಲ. ಮೊಮ್ಮಗ ಕಳಿಸಿದ್ದ ಐದು ಹೊಸ ಪುಸ್ತಕಗಳಿಗೆ ಬೆಳಿಗ್ಗೆ ಮುದ್ರೆ ಒತ್ತಲು ಕೂತಾಗ, ಮೂರರ ಮೂವತ್ತೇಳನೇ ಪುಟದಲ್ಲಿ ಅವಳು ತನ್ನ ಹೆಸರು ಬರೆದಿದ್ದಳು. ಉಳಿದೆರಡರ ಪ್ಲಾಸ್ಟಿಕ್ ಹೊದಿಕೆ ಬಿಚ್ಚುವ ಮೊದಲೇ ದರ್ಜಿ ಒಳಗೆ ಬಂದಿದ್ದ.

“ಇವತ್ತು ರಬ್ಬರ್ ಮುಟ್ಟಲಿಲ್ಲ ಮಗಳೇ,” ಎಂದ ಬೈಂಡರ್ ಮೆಲ್ಲಗೆ. “ನಲವತ್ತು ವರ್ಷದಲ್ಲಿ ಮೊದಲ ಸಲ ಅವನ ಹೆಸರು ಬಂದಿಲ್ಲ. ನಿನ್ನ ಹೆಸರಿದೆ.”

“ಅದು... ನಾನೇ ಬರೆದದ್ದು. ಮೂರರಲ್ಲಿ.”

“ಗೊತ್ತು.” ಬಿಚ್ಚದ ಎರಡು ಪುಸ್ತಕಗಳನ್ನು ಅವಳತ್ತ ಸರಿಸಿದ. “ಇವನ್ನ ನೋಡು.”

ಅವಳು ಪ್ಲಾಸ್ಟಿಕ್ ಹರಿದಳು. ಒಂದು. ಇನ್ನೊಂದು. ಎರಡರಲ್ಲೂ ಮೂವತ್ತೇಳನೇ ಪುಟ, ಅವಳ ಹೆಸರು, ಅವಳದೇ ದುಂಡು ಅಕ್ಷರ. ಪೆನ್ಸಿಲ್ಲಿನ ಪುಡಿ ಇನ್ನೂ ಬೆರಳಿಗೆ ಅಂಟುತ್ತಿತ್ತು.

ಬೈಂಡರ್ ರಬ್ಬರನ್ನು ಅವಳ ಮುಂದಿಟ್ಟು, ಛತ್ರಿ ಹುಡುಕುತ್ತ ಎದ್ದ.

“ಅವನ ಕೈಗೆ ನಿನ್ನ ಹೆಸರು ರೂಢಿಯಾಯ್ತು, ಮಗಳೇ... ಇನ್ನು ನೀನು ನಿಲ್ಲಿಸಿದ್ರೂ ಅವನು ನಿಲ್ಲಿಸಲ್ಲ.”