ಮಣ್ಣಲ್ಲೇ ಉಳಿದ ಬುಡ

ಆಸ್ಪತ್ರೆಯ ತುರ್ತು ವಿಭಾಗದ ಎದುರು, ನನ್ನ ಪಕ್ಕದ ಬೆಂಚಿನಲ್ಲಿ ಯಾರೋ ಅತ್ತಿಗೆ-ನಾದಿನಿ ಕೂತಿದ್ದರು. ಅತ್ತಿಗೆಯ ಗಂಡ ಒಳಗೆ ವಾಂತಿ ಮಾಡಿಕೊಳ್ಳುತ್ತಿದ್ದ. ಬೇಡವೆಂದರೂ ಮಾತು ಕಿವಿಗೆ ಬೀಳುತ್ತಿತ್ತು.

“ಬೇಯಿಸದೆ ಒಂದು ಅಣಬೆ ಎತ್ತಿಟ್ಟಿದ್ದೀರಲ್ಲ, ಪುಣ್ಯ. ಕೊಡಿ, ಡಾಕ್ಟರು ಕೇಳ್ತಿದ್ದಾರೆ.”

ಅತ್ತಿಗೆ ಮಡಿಲಲ್ಲಿದ್ದ ಡಬ್ಬಿಯನ್ನು ಕೊಟ್ಟಳು.

“ಇದರ ಬುಡ ಎಲ್ಲಿ ಅತ್ತಿಗೆ?”

“ಚಾಕುವಲ್ಲಿ ಕುಯ್ದೆ. ಕೀಳಬೇಡಿ, ಮುಂದಿನ ವರ್ಷಕ್ಕೂ ಉಳೀಲಿ ಅಂತ ನೀನೇ ತಾನೆ ಹೇಳಿದ್ದು?”

“ಅದು ಗೊತ್ತಿರೋ ಅಣಬೆಗೆ! ಹೊಸಾದಾದ್ರೆ ಒಂದನ್ನಾದ್ರೂ ಬುಡಸಮೇತ ಎಬ್ಬಿಸಿ ನೋಡಿ ಅಂದಿರಲಿಲ್ವಾ? ವಿಷದ್ದಕ್ಕೆ ಬುಡದಲ್ಲಿ ಚೀಲದ ಥರ ಇರುತ್ತೆ, ಮಣ್ಣೊಳಗೆ.”

“ನೋಡೋಕೆ ನಾವು ಪ್ರತಿ ವರ್ಷ ತರೋದರ ಹಾಗೇ ಇತ್ತು ಕಣೇ.”

“ಬೆಳ್ಳಗಿರೋದೆಲ್ಲ ಹಾಲಲ್ಲ. ಎಲ್ಲಿ ಕುಯ್ದಿದ್ದು? ನಾನು ಹೋಗಿ ಬುಡ ಅಗೆದು ತರ್ತೀನಿ.”

“ಜಾಗ ಯಾರಿಗೂ ಹೇಳಬೇಡ ಅಂತ ನಿಮ್ಮಣ್ಣ…”

“ಅತ್ತಿಗೆ!”

“ಹಳೇ ಪಂಪ್‌ಹೌಸ್ ಹಿಂದೆ. ಬಿದ್ದ ಮರದ ಪಕ್ಕ. ಹುಷಾರಾಗಿ ಅಗೆ, ಸುತ್ತ ಎಳೇ ಅಣಬೆಗಳಿವೆ.”

ನಾದಿನಿ ಎದ್ದು ಹೊರಬಾಗಿಲವರೆಗೂ ಹೋದಳು. ಅಲ್ಲಿಂದ ತಿರುಗಿ ಬಂದಳು.

“ನೀವೂ ತಿಂದ್ರಾ?”

ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಪಾತ್ರೆ ತಳದಲ್ಲಿ ಸ್ವಲ್ಪ ಉಳಿದಿತ್ತು. ಬಿಸಾಡೋಕೆ ಮನಸ್ಸಾಗಲಿಲ್ಲ. ನನಗೇನೂ ಆಗಿಲ್ಲ ಕಣೇ.”

“ಇನ್ನೂ ಆಗಿಲ್ಲ. ಏಳಿ ಮೇಲೆ.”

ನಾದಿನಿ ಅವಳ ರಟ್ಟೆ ಹಿಡಿದೆಬ್ಬಿಸಿ ಒಳಬಾಗಿಲನ್ನು ಭುಜದಿಂದ ತಳ್ಳಿದಳು. ಬಾಗಿಲು ಮುಚ್ಚುವ ಮೊದಲು ಅವಳ ದನಿ ಕೇಳಿಸಿತು:

“ಸಿಸ್ಟರ್, ಇನ್ನೊಂದು ಬೆಡ್ಡು.”